ನಾನೂರ ಹನ್ನೆರಡು ತಿದ್ದುಪಡಿಗಳ ವತ್ಸಲಾ

ಕಳೆದ ತಿಂಗಳು ಇದೇ ಅಂಕಣದಲ್ಲಿ ನಮ್ಮ ಕಡೆಯ ಒಬ್ಬ ಪುಢಾರಿಯ ಮಾನ ಹರಾಜು ಹಾಕಿದ್ದೆ. ಬಸ್ ಸ್ಟಾಪಿನ ಪಕ್ಕದ ಶೌಚಾಲಯಕ್ಕೆ ಅವನು ತನ್ನ ಹೆಸರಿನ ಗ್ರಾನೈಟ್ ಕಲ್ಲು ಹಾಕಿಸಿಕೊಂಡಿದ್ದ. ಇಟ್ಟಿಗೆ ಹೊತ್ತವರ ಹೆಸರು ಎಲ್ಲಿ ಸ್ವಾಮಿ ಎಂದು ಕೇಳಿದ್ದೆ. ಹನ್ನೊಂದು ಓದುಗರು ಕಾರ್ಡು ಬರೆದು ಶಹಭಾಸ್ ಅಂದರು. ಆ ಹನ್ನೊಂದು ಮಂದಿಯೂ ದಯವಿಟ್ಟು ಈ ವಾರದ್ದನ್ನು ಓದಿ, ಕೊಟ್ಟ ಶಹಭಾಸನ್ನು ವಾಪಸ್ ತೆಗೆದುಕೊಳ್ಳಬೇಕಾಗಿ ಕೋರಿಕೆ.

ಇದು ವತ್ಸಲಾ ಎಂಬುವರ ಕಥೆ. ನೀವು ಅವರ ಹೆಸರು ಕೇಳಿಲ್ಲ. ಕೇಳದ ಹಾಗೆ ನೋಡಿಕೊಂಡವನು ನಾನೇ.

ಮಾರೇನಹಳ್ಳಿಯಲ್ಲಿ ಚಿಕ್ಕಹನುಮಯ್ಯನವರ ಡಿಟಿಪಿ ಅಂಗಡಿ. ಮುಂದುಗಡೆ ಜೆರಾಕ್ಸ್ ಮೆಷೀನು, ಹಿಂದುಗಡೆ ಎರಡು ಕಂಪ್ಯೂಟರು, ಗೋಡೆ ತುಂಬ ಲಗ್ನಪತ್ರಿಕೆಯ ಮಾದರಿಗಳು. ಅಲ್ಲಿ ಹನ್ನೆರಡು ವರ್ಷದಿಂದ ಟೈಪ್ ಮಾಡುತ್ತಿದ್ದವರು ವತ್ಸಲಾ. ಓದಿದ್ದು ಪಿಯುಸಿ, ಅದರ ಬೆನ್ನಿಗೇ ಮದುವೆ. ಗಂಡನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಮೂಡಲಪಾಳ್ಯದ ಮನೆಯಲ್ಲಿ ಅತ್ತೆ ಮುನಿತಾಯಮ್ಮ. ದಿನಾ ಬೆಳಿಗ್ಗೆ ಮೂಡಲಪಾಳ್ಯದಿಂದ ಮಾರೇನಹಳ್ಳಿಗೆ ನಡೆದೇ ಬರುತ್ತಿದ್ದರು.

ಲಗ್ನಪತ್ರಿಕೆ ಟೈಪ್ ಮಾಡುವವರಿಗೆ ನಮ್ಮಂಥ ಲೇಖಕರಿಗೆ ಗೊತ್ತಿಲ್ಲದ ಒಂದು ಭಯ ಇರುತ್ತದೆ. ನಾನು ತಪ್ಪು ಬರೆದರೆ ಸಂಪಾದಕರಿಗೆ ಒಂದು ಪತ್ರ ಬರುತ್ತದೆ. ಅವರು ತಪ್ಪು ಮಾಡಿದರೆ ಆರುನೂರು ಜನ ಊಟಕ್ಕೆ ಬೇರೆ ಛತ್ರಕ್ಕೆ ಹೋಗುತ್ತಾರೆ. ಅದಕ್ಕೇ ವತ್ಸಲಾ ಅಕ್ಷರ ನೋಡಿ ಸುಮ್ಮನಾಗುತ್ತಿರಲಿಲ್ಲ. ಹದಿನಾಲ್ಕನೇ ತಾರೀಕು ಗುರುವಾರ ಅಂತ ಇದ್ದರೆ, ಮೊಳೆಗೆ ನೇತು ಹಾಕಿದ ಕ್ಯಾಲೆಂಡರು ತಿರುವಿ ಅವತ್ತು ನಿಜವಾಗಿ ಗುರುವಾರವೇ ಎಂದು ನೋಡುತ್ತಿದ್ದರು. ಛತ್ರದ ಫೋನ್ ನಂಬರಿಗೆ ಅಂಗಡಿಯಿಂದಲೇ ಫೋನ್ ಮಾಡಿ, ಎತ್ತಿದವರು ಛತ್ರದವರೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಹೆಣ್ಣಿನ ಕಡೆಯವರೊಬ್ಬರು, ಗಂಡಿನ ಕಡೆಯವರೊಬ್ಬರು ಪ್ರೂಫಿನ ಮೇಲೆ ಸಹಿ ಹಾಕಬೇಕು. ಸಹಿ ಇಲ್ಲದೆ ಅಚ್ಚಿಗೆ ಹೋಗುವಂತಿಲ್ಲ.

“ಇಷ್ಟೆಲ್ಲ ಮಾಡ್ತೀರಲ್ಲ, ಪತ್ರಿಕೆ ಕೆಳಗೆ ನಿಮ್ಮ ಹೆಸರೂ ಒಂದು ಹಾಕ್ಕೊಳ್ಳಿ” ಎಂದು ಒಂದು ಸಲ ತಮಾಷೆ ಮಾಡಿದ್ದೆ.

“ನಮ್ಮ ಹೆಸರು ಯಾರಾದ್ರೂ ಕೇಳಿದ್ರೆ ಏನೋ ತಪ್ಪಾಗಿದೆ ಅಂತ ಅರ್ಥ ಸಾರ್” ಅಂದಿದ್ದರು.

ನನ್ನ ಈ ಅಂಕಣದ ಕೈಬರಹವನ್ನು ಟೈಪ್ ಮಾಡುತ್ತಿದ್ದವರೂ ಅವರೇ. ನಾನು ಸಿಟ್ಟಿನಲ್ಲಿ ಬರೆದ ವಾಕ್ಯಗಳು ಅರ್ಧ ಪುಟ ಓಡುತ್ತವೆ. ಅವರು ಮೆಲ್ಲಗೆ ಕರೆದು, “ಸಾರ್, ಇದು ಯಾರ ಮೇಲೆ ಶುರುವಾಗಿ ಯಾರ ಮೇಲೆ ಮುಗೀತು?” ಎಂದು ಕೇಳುತ್ತಿದ್ದರು. ನೋಡಿದರೆ ಮುಗಿದೇ ಇರುತ್ತಿರಲಿಲ್ಲ.

ಈಗ ಸ್ಲೇಟಿನ ವಿಷಯ. 2004ರಲ್ಲಿ ಕೆಂಗೇರಿ ಉಪನಗರದ ರೂಮಿನಲ್ಲಿದ್ದ ರುದ್ರೇಶ ಎಂಬ ಹುನಗುಂದದ ಕಡೆಯ ಎಂಜಿನಿಯರು, ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ‘ಸ್ಲೇಟು’ ಎಂಬ ಸಾಫ್ಟ್‌ವೇರ್ ಮಾಡಿದ. ಕೊಳ್ಳಬೇಕಾಗಿಲ್ಲ. ಅದರ ಒಳಗಿನ ಕೋಡನ್ನೂ ಇಂಟರ್‌ನೆಟ್ಟಿನಲ್ಲಿ ಬಿಚ್ಚಿಟ್ಟಿದ್ದ. ಯಾರು ಬೇಕಾದರೂ ತಿದ್ದಬಹುದು, ಯಾರಿಗೆ ಬೇಕಾದರೂ ಹಂಚಬಹುದು. ಓಪನ್ ಸೋರ್ಸ್ ಅನ್ನುತ್ತಾರೆ. ಒಡೆಯನಿಲ್ಲದ ವಸ್ತು ಎಂದರೆ ನನಗೆ ಮೊದಲಿನಿಂದಲೂ ಹುಚ್ಚು. ಕೋಡು ಬರೆಯಲು ಬಾರದಿದ್ದರೂ, ಅದನ್ನು ಬಳಸುವುದು ಹೇಗೆಂದು ಜನಕ್ಕೆ ತಿಳಿಸುವ ಕೈಪಿಡಿಯ ಜವಾಬ್ದಾರಿಯನ್ನು ಮೈಮೇಲೆ ಎಳೆದುಕೊಂಡೆ. ಎಳೆದುಕೊಂಡದ್ದು ನಾನು. ಎಳೆದದ್ದು ವತ್ಸಲಾ.

ನಾವು ನಾಲ್ಕೈದು ಮಂದಿ ಮನಸ್ಸಿಗೆ ಬಂದಾಗ ಒಂದೊಂದು ಪುಟ ಗೀಚಿ ಈಮೇಲಿನಲ್ಲಿ ಕಳಿಸುತ್ತಿದ್ದೆವು. ಶನಿವಾರ ಎರಡು ಗಂಟೆಯ ಮೇಲೆ, ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ, ವತ್ಸಲಾ ಅದನ್ನು ಕೆಟ್ಟುಹೋದ ಲಗ್ನಪತ್ರಿಕೆ ಹಾಳೆಗಳ ಹಿಂಬದಿಗೆ ಪ್ರಿಂಟ್ ತೆಗೆಯುತ್ತಿದ್ದರು. ನಾವು ಬರೆದಂತೆ ಒಂದೊಂದೇ ಹೆಜ್ಜೆಯನ್ನು ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಮಾಡಿ ನೋಡುತ್ತಿದ್ದರು. ಹೇಳಿದಂತೆ ಆಗದಿದ್ದರೆ ಕೆಂಪು ಶಾಯಿ. ತಿದ್ದಿ, ಪುಟ ಕಟ್ಟಿ, ವೆಬ್‌ಸೈಟಿಗೆ ಏರಿಸುವ ಹೊತ್ತಿಗೆ ಸಂಜೆ ಆರು.

“ನಿಮ್ ಸ್ಲೇಟು ಬಳಪ ಎಲ್ಲಾ ಶನಿವಾರ ಮಾತ್ರ ಕಣಮ್ಮ” ಎನ್ನುತ್ತಿದ್ದ ಚಿಕ್ಕಹನುಮಯ್ಯ, ಸಂಜೆ ಕಾಫಿ ತರಿಸಿಕೊಟ್ಟು ತಾವೇ ಜೆರಾಕ್ಸ್ ಮಾಡುತ್ತ ನಿಲ್ಲುತ್ತಿದ್ದರು.

ವೆಬ್‌ಸೈಟಿನ ಒಳಗೆ ಹೋಗಲು ಲಾಗಿನ್ ಬೇಕು. ನನ್ನ ಹೆಸರಿನಲ್ಲಿ ಒಂದಿತ್ತು. “ಇದನ್ನೇ ಇಟ್ಕೊಳ್ಳಿ, ಬೇರೆ ಯಾಕೆ? ನಾವೆಲ್ಲ ಒಂದೇ ಅಲ್ವಾ?” ಅಂದೆ. ನಾವೆಲ್ಲ ಒಂದೇ ಅಂದವನ ಹೆಸರೇ ಆ ಒಂದು ಎನ್ನುವುದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬೇಜಾರಾಗುತ್ತಿರಲಿಲ್ಲವೇನೋ.

ಒಂದು ಶನಿವಾರದ ಕಥೆ ಹೇಳಬೇಕು. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಸ್ಲೇಟಿನಲ್ಲಿ ತೆರೆಯುವುದು ಹೇಗೆಂದು ರುದ್ರೇಶ ಐದು ಹೆಜ್ಜೆಯಲ್ಲಿ ಬರೆದುಕೊಟ್ಟಿದ್ದ. ವತ್ಸಲಾ ಮಾಡಿ ನೋಡಲು ಕೈಗೆ ಸಿಕ್ಕಿದ ಕಡತ ತೆರೆದರು. ಅದು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನು ತಮ್ಮ ಜೀವನದ ಬಗ್ಗೆ ಬರೆದು ಟೈಪಿಗೆ ಕೊಟ್ಟಿದ್ದ ಅರವತ್ತು ಪುಟ. ಐದನೇ ಹೆಜ್ಜೆ ಮುಗಿದಾಗ ಅರವತ್ತೂ ಪುಟ ಬರೀ ಚೌಕಗಳಾಗಿ ಕುಳಿತವು. ಸ್ಲೇಟು ಹಳೆಯದರ ಮೇಲೇ ಬರೆದುಬಿಟ್ಟಿತ್ತು. ವತ್ಸಲಾ ಯಾರನ್ನೂ ದೂರಲಿಲ್ಲ. ಮೂರು ಭಾನುವಾರ ಅಂಗಡಿಗೆ ಬಂದು ಅರವತ್ತು ಪುಟವನ್ನೂ ಮತ್ತೆ ಟೈಪ್ ಮಾಡಿದರು. ಆಮೇಲೆ ಕೈಪಿಡಿಯಲ್ಲಿ ಒಂದು ಹೆಜ್ಜೆ ಸೇರಿಸಿದರು: ಮೊದಲು ನಿಮ್ಮ ಕಡತದ ಒಂದು ನಕಲು ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಬರೆದದ್ದೆಲ್ಲ ಹೋಗುತ್ತದೆ.

ಹೀಗೆ ಮೂರು ವರ್ಷ ನಡೆಯಿತು. 2007ರ ಜುಲೈನಲ್ಲಿ ನನಗೆ ಜ್ಞಾನೋದಯವಾಯಿತು. ಸೋಮವಾರ ಬರೆದದ್ದು ಶನಿವಾರ ಪ್ರಕಟವಾಗುವುದೆಂದರೇನು? ಇದೇನು ಸರ್ಕಾರಿ ಕಚೇರಿಯೇ? ಪುಸ್ತಕ ತಂದು, ಹತ್ತೊಂಬತ್ತು ದಿನ ಒದ್ದಾಡಿ, ಒಂದು ಸ್ಕ್ರಿಪ್ಟ್ ಬರೆದೆ. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ. ನಮ್ಮಲ್ಲಿ ಯಾರಾದರೂ ಕೈಪಿಡಿಯ ಮೂಲದಲ್ಲಿ ಏನನ್ನೇ ಬದಲಿಸಿ ಉಳಿಸಿದರೆ ಸಾಕು, ಎರಡೇ ನಿಮಿಷದಲ್ಲಿ ಎಲ್ಲ ಪುಟಗಳೂ ಹೊಸದಾಗಿ ತಯಾರಾಗಿ ತಾವಾಗಿಯೇ ವೆಬ್‌ಸೈಟಿಗೆ ಏರುತ್ತವೆ. ನಡುವೆ ಮನುಷ್ಯರ ಸುಳಿವೇ ಇಲ್ಲ. ಅಂಗಡಿಗೆ ಓಡಿಹೋಗಿ ತೋರಿಸಿದೆ.

“ಎಲ್ಲಾ ತಾನಾಗೇ ಆಗುತ್ತೆ ವತ್ಸಲಾ! ಇನ್ಮೇಲೆ ನಿಮಗೆ ಶನಿವಾರ ರಜಾ.”

ವತ್ಸಲಾ ಪರದೆಯನ್ನೇ ನೋಡುತ್ತಿದ್ದರು. “ಓದೋದೂ ತಾನಾಗೇ ಆಗುತ್ತಾ ಸಾರ್?”

ಹೊಸದಕ್ಕೆ ಹೆದರುವವರು ಹೀಗೇ ಕೇಳುತ್ತಾರೆ ಎಂದುಕೊಂಡು ದೊಡ್ಡ ಮನಸ್ಸಿನಿಂದ ನಕ್ಕೆ. ಅಷ್ಟಕ್ಕೇ ನಿಲ್ಲಲಿಲ್ಲ. ನ್ಯಾಯಪ್ರಜ್ಞೆ ಕೆರಳಿತು. ಅಲ್ಲಿಯವರೆಗೆ ಕೈಪಿಡಿಯ ಕೊನೆಯಲ್ಲಿ ‘ಸ್ಲೇಟು ಬಳಗ’ ಅಂತಷ್ಟೇ ಇತ್ತು. ಬಳಗ ಅಂದರೆ ಯಾರು? ದುಡಿದವರ ಹೆಸರು ಬೇಡವೇ? ‘ದುಡಿದವರು’ ಎಂದೊಂದು ಪುಟ ಮಾಡಿದೆ. ಯಾವ ಲಾಗಿನ್ನಿನಿಂದ ಎಷ್ಟು ತಿದ್ದುಪಡಿ ಆಗಿದೆ ಎಂದು ಸ್ಕ್ರಿಪ್ಟೇ ಎಣಿಸಿ ಹೆಸರು ಹಾಕುತ್ತದೆ. ಮನುಷ್ಯರು ಮುಲಾಜಿಗೆ ಬೀಳಬಹುದು, ಯಂತ್ರ ಬೀಳುವುದಿಲ್ಲ. ಅದಕ್ಕೆ ಸ್ಕ್ರಿಪ್ಟಿನ ತಲೆಯ ಮೇಲೆ ಒಂದು ಎಚ್ಚರಿಕೆಯನ್ನೂ ಬರೆದೆ: ಈ ಪುಟವನ್ನು ಯಾರೂ ಕೈಯಿಂದ ತಿದ್ದಕೂಡದು, ತಿದ್ದಿದರೆ ನಿಲ್ಲುವುದಿಲ್ಲ.

ಯಂತ್ರ ಎಣಿಸಿತು. ಮೊದಲ ಹೆಸರು ನನ್ನದು, ನಾನೂರ ಹನ್ನೆರಡು ತಿದ್ದುಪಡಿ. ಎರಡನೆಯದು ರುದ್ರೇಶ, ಐವತ್ತಾರು. ಕೆಳಗೆ ಇನ್ನು ಮೂವರು. ನಾನೂರ ಹನ್ನೆರಡು! ಇಷ್ಟೆಲ್ಲ ಯಾವಾಗ ಮಾಡಿದೆನಪ್ಪ ಎಂದು ಒಂದು ಕ್ಷಣ ನನಗೇ ಆಶ್ಚರ್ಯವಾಯಿತು. ಆಮೇಲೆ ಒಪ್ಪಿಕೊಂಡೆ. ಹೊಗಳಿಕೆಯನ್ನು ಪರೀಕ್ಷಿಸುವ ಅಭ್ಯಾಸ ನನಗಿಲ್ಲ.

ಅದೇ ವಾರ ಚಿಕ್ಕಹನುಮಯ್ಯ ಅಂಗಡಿ ಬಿಟ್ಟುಕೊಡುವ ವಿಷಯ ಹೇಳಿದರು. ಆಗಸ್ಟ್ ಮುಗಿದ ಮೇಲೆ ಅಲ್ಲಿ ಮೊಬೈಲ್ ಅಂಗಡಿ ಬರುತ್ತದೆ. ವತ್ಸಲಾಗೆ ಕೆಲಸ ಇಲ್ಲ. ಅವರು ಅಳಲಿಲ್ಲ, ಪೇಪರು ಹುಡುಕಿದರು. ಜ್ಞಾನಭಾರತಿ ಕಡೆಯ ಒಂದು ಸಣ್ಣ ಟ್ರಸ್ಟು ಶಾಲೆಯ ಮೇಷ್ಟ್ರುಗಳಿಗೆ ಕಂಪ್ಯೂಟರ್ ಕಲಿಸುತ್ತಿತ್ತು. ಕನ್ನಡದಲ್ಲಿ ಕೈಪಿಡಿ ಸಿದ್ಧಪಡಿಸುವವರು ಬೇಕಾಗಿದ್ದಾರೆ, ಪದವಿ ಇರಬೇಕು ಅಥವಾ ಅದೇ ಬಗೆಯ ಕೆಲಸ ಮಾಡಿ ತೋರಿಸಿರಬೇಕು ಎಂದು ಜಾಹೀರಾತು. ಪದವಿ ಇರಲಿಲ್ಲ. ಮಾಡಿ ತೋರಿಸಿದ್ದು ಮೂರು ವರ್ಷದ್ದಿತ್ತು. ಅರ್ಜಿಯಲ್ಲಿ ನಮ್ಮ ವೆಬ್‌ಸೈಟಿನ ವಿಳಾಸ ಬರೆದು ಕಳಿಸಿದರು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಎಂದು ಫೋನ್ ಬಂತು.

ಅದರ ಹಿಂದಿನ ಶುಕ್ರವಾರ ವತ್ಸಲಾ ಬಸವೇಶ್ವರನಗರದ ನನ್ನ ಮನೆಗೆ ಬಂದರು. ಮೂರು ವರ್ಷದಲ್ಲಿ ಮೊದಲ ಸಲ. ಕುರ್ಚಿಯ ತುದಿಯಲ್ಲಿ ಕುಳಿತು, ಕೇಳಲೋ ಬೇಡವೋ ಎಂಬಂತೆ ಕೇಳಿದರು.

“ಸಾರ್, ಆ ದುಡಿದವರು ಅನ್ನೋ ಪುಟದಲ್ಲಿ ನಾನು ಎಲ್ಲಿದೀನಿ?”

“ಇರ್ತೀರಲ್ಲ, ಕೆಳಗೆ ನೋಡಿ.”

“ಕೆಳಗೂ ನೋಡ್ದೆ. ಅಲ್ಲಿ ಕೆಳಗೆ ಏನೂ ಇಲ್ಲ ಸಾರ್.”

ಕಂಪ್ಯೂಟರ್ ಹಾಕಿ ನೋಡಿದೆ. ಯಂತ್ರ ನಿಷ್ಪಕ್ಷಪಾತವಾಗಿ ಎಣಿಸಿತ್ತು. ಅವರ ಕೈ, ನನ್ನ ಲಾಗಿನ್, ಆದ್ದರಿಂದ ನನ್ನ ಹೆಸರು. ಆ ವಾರವಷ್ಟೇ ಅಚ್ಚಾಗಿದ್ದ ಶೌಚಾಲಯದ ಕಲ್ಲಿನ ಲೇಖನ ಅದೇ ಮೇಜಿನ ಮೇಲೆ ಬಿದ್ದಿತ್ತು. ಮೆಲ್ಲಗೆ ಅದರ ಮೇಲೆ ಒಂದು ಪುಸ್ತಕ ಇಟ್ಟೆ.

“ಇದೇನು ಮಹಾ, ಈಗಲೇ ಸರಿ ಮಾಡ್ತೀನಿ” ಎಂದು ವೆಬ್‌ಸೈಟಿನೊಳಗೆ ಹೋಗಿ, ಆ ಪುಟದ ಮೇಲೆ ನೇರವಾಗಿ ಟೈಪ್ ಮಾಡಿದೆ: ಕೈಪಿಡಿಯ ಸಂಪಾದಕಿ, ವತ್ಸಲಾ. ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಭಾನುವಾರ ಅದರ ಪ್ರಿಂಟ್ ತೆಗೆದುಕೊಂಡು ಮೂಡಲಪಾಳ್ಯಕ್ಕೆ ನಾನೇ ಹೋದೆ. ಉಪಕಾರ ಮಾಡುವಾಗ ಸಾಕ್ಷಿಗೆ ಜನ ಇದ್ದರೆ ಒಳ್ಳೆಯದು.

ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಮುನಿತಾಯಮ್ಮ ಪ್ರಿಂಟನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು.

“ಇದ್ರಾಗೆ ನಮ್ ವತ್ಸಲನ ಹೆಸ್ರು ಐತಾ ಸಾಮಿ?”

“ಮೇಲುಗಡೆನೇ ಇದೆ ಅಮ್ಮ, ದಪ್ಪಕ್ಕೆ.”

“ಮೂರು ವರ್ಸದಿಂದ ಶನ್ವಾರ ಶನ್ವಾರ ಕತ್ಲಾದ್ಮೇಲೆ ಬತ್ತಾವ್ಳೆ. ಈವತ್ತು ಬಂತಾ ಹೆಸ್ರು? ನಮ್ ಪಡಿತರ ಚೀಟಿನೇ ಬೇಗ ಬಂತಲ್ಲ ಸಾಮಿ.”

“ಸುಮ್ನಿರಿ ಅತ್ತೆ” ಅಂದರು ವತ್ಸಲಾ. ಆದರೆ ಕಾಗದವನ್ನು ಮಡಚದೆ, ಗಾಜಿನ ಬಾಗಿಲಿನ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿದರು.

ಮಂಗಳವಾರ ಹನ್ನೆರಡೂಕಾಲಿಗೆ ನನ್ನ ಫೋನು ಬಡಿದುಕೊಂಡಿತು. ಕಾಯಿನ್ ಬಾಕ್ಸಿನಿಂದ ವತ್ಸಲಾ. ಹನ್ನೆರಡು ವರ್ಷ ಗಿರಾಕಿಗಳ ಬೈಗುಳಕ್ಕೆ ಅಲುಗದ ದನಿ ನಡುಗುತ್ತಿತ್ತು.

“ಸಾರ್, ನನ್ನ ಹೆಸರು ಇಲ್ಲ ಸಾರ್. ನಾನು ಪ್ರಿಂಟ್ ಕೊಟ್ಟೆ. ಅವರು ಕಂಪ್ಯೂಟರಲ್ಲಿ ತೆಗೆದು ನೋಡಿದ್ರು. ಇಲ್ಲ. ‘ಡಿಟಿಪಿ ಅಂಗಡಿಯಲ್ಲಿ ತಾನೇ ಕೆಲಸ ಮಾಡೋದು? ಈ ಕಾಗದ ನೀವೇ ಮಾಡ್ಕೊಂಡ್ ಬಂದ್ರಾ?’ ಅಂತ ಕೇಳಿದ್ರು ಸಾರ್.”

“ಶುಕ್ರವಾರ ನಾನೇ ಹಾಕಿದ್ನಲ್ಲ!” ಅಂದೆ.

“ನಾಲ್ಕು ಗಂಟೆ ತನಕ ಟೈಮ್ ಕೊಟ್ಟಿದಾರೆ. ಆ ಪುಟದಲ್ಲಿ ಮೊದಲು ಯಾರ ಹೆಸರಿದೆಯೋ ಅವರ ಹತ್ರ ಪತ್ರ ತರಬೇಕಂತೆ. ಕೆಲಸ ಹೋದ್ರೆ ಹೋಗ್ಲಿ ಸಾರ್. ಸುಳ್ಳು ಕಾಗದ ತಂದೋಳು ಅನ್ನಿಸ್ಕೊಂಡು ಮನೆಗೆ ಹೋಗಕ್ಕಾಗಲ್ಲ.”

ರುದ್ರೇಶನಿಗೆ ಫೋನ್ ಮಾಡಿ ಅರಚಿದೆ. ಅರಚುವುದು ನನಗೆ ಸಲೀಸು.

“ಏನ್ ಮಾಡಿದೆ ನೀನು?”

“ಏನೂ ಮಾಡಿಲ್ರಿ ಸರ್. ನಿನ್ನಿ ಒಂದ ಚಿತ್ರ ಹಳೇದಿತ್ತು, ಬದಲ್ ಮಾಡೇನ್ರಿ, ಅಷ್ಟ. ನಿಮ್ಮ ಸ್ಕ್ರಿಪ್ಟ್ ಎಲ್ಲಾ ಪುಟ ಹೊಸದಾಗಿ ಮಾಡಿ ಹಾಕ್ಯದ.”

“ನಾನು ಕೈಯಲ್ಲಿ ಬರೆದಿದ್ದೆ ಕಣೋ ಅಲ್ಲಿ!”

“ಕೈಯಿಂದ ಯಾರೂ ತಿದ್ದಬಾರದು, ತಿದ್ದಿದರ ನಿಲ್ಲೂದಿಲ್ಲ ಅಂತ ನೀವ ಬರದಿದ್ರಲ್ರಿ ಸರ್?”

ಬರೆದಿದ್ದೆ. ಅಚ್ಚಾದ ಕಾಗದದ ಮೇಲೆ ಪೆನ್ನಿನಲ್ಲಿ ಹೆಸರು ಸೇರಿಸಿದ ಹಾಗೆ ನಾನು ಮಾಡಿದ್ದು. ಮುಂದಿನ ಅಚ್ಚಿನಲ್ಲಿ ಪೆನ್ನಿನದು ಇರುವುದಿಲ್ಲ. ಇದು ಲಗ್ನಪತ್ರಿಕೆ ಮಾಡುವ ಯಾರಿಗಾದರೂ ಗೊತ್ತು. ಸ್ಕ್ರಿಪ್ಟ್ ಬರೆದವನಿಗೆ ಗೊತ್ತಿರಲಿಲ್ಲ. ಜನ್ಮದಲ್ಲಿ ನಾನು ಹಾಕಿದ ನಿಯಮವೊಂದು ಚಾಚೂ ತಪ್ಪದೆ ಪಾಲನೆಯಾದದ್ದು ಅದೇ ಮೊದಲು.

ಪತ್ರ ಬರೆಯಲು ಕುಳಿತೆ. ಒಂದೂವರೆ ಪುಟ ಬರೆದೆ. ಎಲೆಮರೆಯ ದುಡಿಮೆಯನ್ನು ಸಮಾಜ ಹೇಗೆ ನುಂಗುತ್ತದೆ, ಪದವಿಯ ವ್ಯಾಮೋಹ ಏನೇನು ಅನಾಹುತ ಮಾಡಿದೆ, ಯಂತ್ರ ನಾಗರಿಕತೆ ಎತ್ತ ಸಾಗುತ್ತಿದೆ, ಎಲ್ಲವೂ ಬಂತು. ಓದಿಕೊಂಡಾಗ ನನಗೇ ರೋಮಾಂಚನವಾಯಿತು. ಲೂನಾ ಏರಿ ವಿಜಯನಗರ, ಚಂದ್ರಾ ಲೇಔಟ್, ನಾಗರಭಾವಿ ದಾಟಿ ಟ್ರಸ್ಟಿನ ಗೇಟು ಮುಟ್ಟಿದಾಗ ಮೂರು ಗಂಟೆ. ವತ್ಸಲಾ ಗೇಟಿನ ಪಕ್ಕದ ಹೊಂಗೆ ಮರದಡಿ ನಿಂತೇ ಇದ್ದರು. ಊಟ ಮಾಡಿರಲಿಲ್ಲ.

ಪತ್ರ ಓದಿದರು. ಅಭ್ಯಾಸಬಲದಿಂದ ಬ್ಯಾಗಿನ ಕೆಂಪು ಪೆನ್ನು ಕೈಗೆ ಬಂದಿತ್ತು.

“ಸಾರ್, ತಪ್ಪು ತಿಳ್ಕೋಬೇಡಿ. ಇದ್ರಲ್ಲಿ ‘ನಾನು’ ಅಂತ ಒಂಬತ್ತು ಸಲ ಇದೆ. ನನ್ನ ಹೆಸರು ಒಂದೇ ಸಲ ಇದೆ. ಅದೂ ಎರಡನೇ ಪುಟದಲ್ಲಿ.”

“ಹಾಗಾದ್ರೆ ಏನ್ ಬರೀಲಿ?”

“ಏನು ನಡೀತೋ ಅದು.”

ಮರದಡಿಯಲ್ಲೇ ಲೂನಾ ಸೀಟಿನ ಮೇಲೆ ಹಾಳೆ ಇಟ್ಟು ಮೂರು ಸಾಲು ಬರೆದೆ. ಕೈಪಿಡಿಯನ್ನು ಮೂರು ವರ್ಷ ತಿದ್ದಿ ಪ್ರಕಟಿಸಿದವರು ವತ್ಸಲಾ. ಅವರಿಗೆ ಬೇರೆ ಲಾಗಿನ್ ಕೊಡದೆ ನನ್ನದನ್ನೇ ಕೊಟ್ಟಿದ್ದರಿಂದ ಅವರ ಕೆಲಸ ನನ್ನ ಹೆಸರಿಗೆ ಬಂದಿದೆ. ಅವರು ತಂದ ಪ್ರಿಂಟ್ ನಾನು ಕೊಟ್ಟದ್ದು. ನಾನು ಬರೆದದ್ದರಲ್ಲಿ ಇಷ್ಟು ಚಿಕ್ಕದು, ಇಷ್ಟು ಕಷ್ಟದ್ದು ಬೇರೆ ಇಲ್ಲ.

ಟ್ರಸ್ಟಿನ ಮುಖ್ಯಸ್ಥೆ ಅನಂತಲಕ್ಷ್ಮಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಕನ್ನಡಕದ ಮೇಲಿನಿಂದ ನೋಡುವ ನೋಟ ಇನ್ನೂ ನಿವೃತ್ತಿಯಾಗಿರಲಿಲ್ಲ. ಪತ್ರ ಓದಿ ನನ್ನ ಸಹಿಯ ಮೇಲೆ ಬೆರಳಿಟ್ಟರು.

“ಶೌಚಾಲಯದ ಕಲ್ಲಿನ ಬಗ್ಗೆ ಬರೆದಿದ್ದು ನೀವೇನಾ? ಚೆನ್ನಾಗಿತ್ತು.”

ಚೆನ್ನಾಗಿತ್ತು ಎಂಬ ಪದಕ್ಕೆ ಅಷ್ಟು ಮುಳ್ಳುಗಳಿವೆ ಎಂದು ನನಗೆ ಗೊತ್ತಿರಲಿಲ್ಲ.

“ಪತ್ರ ಯಾರು ಬೇಕಾದ್ರೂ ಬರೆದುಕೊಡಬಹುದು” ಎಂದು ಮುಂದುವರಿಸಿದರು. “ಪರಿಚಯದವರಿಗೆ ಸಹಾಯ ಮಾಡೋಣ ಅಂತ ಬಂದಿರಬಹುದು. ನಾನೂರ ಹನ್ನೆರಡು ತಿದ್ದುಪಡಿ ನಿಮ್ಮದಾ, ಇವರದಾ ಅಂತ ಈಗ ನೋಡೋಣ. ಹಳೇ ಕಡತ ತೆರೆಯೋ ಪುಟ ತೆಗೆದಿದೀನಿ. ಗುರುವಾರ ನಲವತ್ತು ಜನ ಮೇಷ್ಟ್ರುಗಳಿಗೆ ಇದನ್ನೇ ಹೇಳಿಕೊಡೋದು, ಪ್ರತಿಗಳೂ ರೆಡಿ ಇವೆ. ಹೇಳಿ ಸಾರ್, ಇದರಲ್ಲಿ ಎಷ್ಟು ಹೆಜ್ಜೆ?”

“ಐದು... ಆರಿರಬಹುದು.”

“ಮೂರನೇದು ಏನು?”

“‘ಸರಿ’ ಅನ್ನೋದನ್ನ ಒತ್ತಿ.” ಎಲ್ಲ ಕೈಪಿಡಿಗಳಲ್ಲೂ ಎಲ್ಲೋ ಒಂದು ಕಡೆ ‘ಸರಿ’ ಒತ್ತುವುದು ಇದ್ದೇ ಇರುತ್ತದೆ ಎಂಬ ಧೈರ್ಯ.

ಅನಂತಲಕ್ಷ್ಮಿ ವತ್ಸಲಾ ಕಡೆ ತಿರುಗಿದರು. ಪರದೆ ವತ್ಸಲಾಗೆ ಕಾಣುತ್ತಿರಲಿಲ್ಲ.

“ಆರು ಮೇಡಂ. ಮೂರನೇದು, ಮೊದಲು ಕಡತದ ಒಂದು ನಕಲು ಮಾಡಿಟ್ಕೊಳ್ಳಿ ಅನ್ನೋದು.”

“ಇಲ್ಲಿ ಐದೇ ಇವೆಯಲ್ಲಮ್ಮ. ನಕಲು ಅಂತ ಎಲ್ಲೂ ಇಲ್ಲ.”

ವತ್ಸಲಾ ಮುಖ ಬಿಳಿಚಿಕೊಂಡಿತು. ಎಲ್ಲ ಮುಗಿಯಿತು ಅಂದುಕೊಂಡೆ. ಆದರೆ ಅವರು ಹೆದರಿದ್ದು ತಮ್ಮ ಕೆಲಸಕ್ಕಲ್ಲ.

“ಮೇಡಂ, ಹಾಗಾದ್ರೆ ಯಾರೋ ತೆಗೆದುಬಿಟ್ಟಿದಾರೆ. ದಯವಿಟ್ಟು ಆ ಪ್ರತಿ ಹಂಚಬೇಡಿ. ಹೀಗೇ ಮಾಡಿದ್ರೆ ಮೇಷ್ಟ್ರುಗಳು ಬರೆದಿಟ್ಟಿದ್ದೆಲ್ಲ ಹೋಗುತ್ತೆ. ಬೇಕಾದ್ರೆ ಬೇಡದೇ ಇರೋ ಕಡತದಲ್ಲಿ ಒಂದ್ಸಲ ಮಾಡಿ ನೋಡಿ.”

ಅನಂತಲಕ್ಷ್ಮಿ ಹಳೇ ಸುತ್ತೋಲೆಯೊಂದನ್ನು ತೆರೆದು, ತಾವೇ ಐದು ಹೆಜ್ಜೆ ಮಾಡಿದರು. ಪರದೆಯ ತುಂಬ ಚೌಕಗಳು. ಹಿಂದಕ್ಕೆ ಹೋಗಿ ನೋಡಿದರು, ಚೌಕಗಳೇ. ಮೇಜಿನ ಮೇಲೆ ನಲವತ್ತು ಪ್ರತಿಗಳ ಕಟ್ಟು ನೀಟಾಗಿ ಕುಳಿತಿತ್ತು.

“ಆ ಹೆಜ್ಜೆ ತೆಗೆದವರು ಯಾರು?”

ಯಾರು ಯಾವಾಗ ಏನು ಬದಲಿಸಿದರೆಂದು ವೆಬ್‌ಸೈಟಿನಲ್ಲೇ ದಾಖಲೆ ಇರುತ್ತದೆ. ತೆರೆದರು. ಜುಲೈ 27, ನನ್ನ ಹೆಸರು. ಕಾರಣ: ‘ಅನಗತ್ಯ ಉಪದೇಶ ತೆಗೆದುಹಾಕಿದೆ.’

“ನಿಮ್ಮ ಹೆಸರಲ್ಲಿ ಇಬ್ಬರೂ ಕೆಲಸ ಮಾಡಿದೀರಿ. ಇದು ಇಬ್ಬರಲ್ಲಿ ಯಾರದು?”

ತಪ್ಪಿಸಿಕೊಳ್ಳಲು ಅಲ್ಲೊಂದು ಕಿಂಡಿ ಇತ್ತು. ಒಂದೇ ಲಾಗಿನ್, ಇಬ್ಬರ ಕೈ. ಸುಮ್ಮನಿದ್ದರೂ ಸಾಕಿತ್ತು. ಆ ಕಿಂಡಿಯನ್ನು ನಾನು ನೋಡಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ. ವತ್ಸಲಾ ನನ್ನ ಕಡೆ ನೋಡಲಿಲ್ಲ, ತಮ್ಮ ಚಪ್ಪಲಿಯ ತುದಿ ನೋಡುತ್ತಿದ್ದರು.

“ಅದು ನನ್ನದು ಮೇಡಂ. ಸ್ಕ್ರಿಪ್ಟ್ ಹಾಕಿದ ಮೂರನೇ ದಿನ, ಉದ್ದ ಆಯ್ತು ಅಂತ ಕತ್ತರಿಸಿದೆ. ‘ಅನಗತ್ಯ ಉಪದೇಶ’ ಅನ್ನೋ ಮಾತು ಅವರು ಬರೆಯೋರಲ್ಲ. ಅವರು ಮಾಡಿ ನೋಡಿ ಬರೀತಾರೆ, ನಾನು ಮಾಡದೇ ತೆಗೆದೆ. ಪ್ರಕಟಿಸೋ ಮೊದಲು ಓದೋರು ಯಾರೂ ಇರಲಿಲ್ಲ. ಓದೋರನ್ನ ನಾನೇ ತೆಗೆದಿದ್ದೆ.”

“ಹೊರಗೆ ಕೂತಿರಿ” ಅಂದರು ಅನಂತಲಕ್ಷ್ಮಿ. ಶಾಲೆ ಬಿಟ್ಟು ಮೂವತ್ತು ವರ್ಷವಾದ ಮೇಲೆ ಮತ್ತೆ ತರಗತಿಯಿಂದ ಹೊರಗೆ ಹೋದೆ.

ಕಾರಿಡಾರಿನ ಬೆಂಚಿನಲ್ಲಿ ಇಪ್ಪತ್ತು ನಿಮಿಷ. ವತ್ಸಲಾ ಹೊರಬಂದಾಗ ಕೈಯಲ್ಲಿ ಆ ನಲವತ್ತು ಪ್ರತಿಗಳ ಕಟ್ಟಿತ್ತು.

“ಏನಂದ್ರು?”

“ಒಂದನೇ ತಾರೀಕಿಂದ ಬರಬೇಕಂತೆ. ಮೊದಲು ಒಂದು ವರ್ಷ, ಆಮೇಲೆ ನೋಡೋಣ ಅಂದ್ರು.” ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. “ಆ ಕಾಗದ ನೀವೇ ಮಾಡ್ಕೊಂಡ್ ಬಂದ್ರಾ ಅಂತ ಕೇಳಿದ್ದು ತಪ್ಪಾಯ್ತು ಅಂತಾನೂ ಅಂದ್ರು ಸಾರ್.”

ನಾನೂ ಅದನ್ನೇ ಹೇಳಬೇಕಾಗಿತ್ತು. ಬಾಯಿ ತೆರೆದೆ. ಅಂಕಣಕಾರನ ಬಾಯಿ, ತೆರೆದರೆ ಎಲ್ಲಿ ನಿಲ್ಲುತ್ತದೋ ಎಂದು ಅವರಿಗೇ ಭಯವಾಗಿರಬೇಕು. ಕಟ್ಟನ್ನು ಎರಡು ಪಾಲು ಮಾಡಿ ಇಪ್ಪತ್ತು ಹಾಳೆ ನನ್ನ ತೊಡೆಯ ಮೇಲಿಟ್ಟರು.

“ಗುರುವಾರಕ್ಕೆ ಬೇಕಂತೆ. ಎರಡನೇ ಹೆಜ್ಜೆ ಕೆಳಗೆ ಜಾಗ ಇದೆ. ನಕಲು ಮಾಡಿಟ್ಕೊಳ್ಳಿ ಅಂತ ಬರೀರಿ. ಬೇರೇನೂ ಬರೀಬೇಡಿ ಸಾರ್.”

ಬರೆದೆ. ನನ್ನ ಇಪ್ಪತ್ತನ್ನೂ ಅವರು ಒಂದೊಂದಾಗಿ ಮತ್ತೆ ನೋಡಿದರು.

ಆಮೇಲೆ ರುದ್ರೇಶ ಕುಳಿತು ದಾಖಲೆ ಸರಿಪಡಿಸಿದ. ಸ್ಕ್ರಿಪ್ಟ್ ಬರುವವರೆಗಿನ ಕೆಲಸವೆಲ್ಲ ವತ್ಸಲಾ ಹೆಸರಿಗೆ ಹೋಯಿತು. ಈಗ ‘ದುಡಿದವರು’ ಪುಟದಲ್ಲಿ ನನ್ನದು ಒಂಬತ್ತು. ಆ ಒಂಬತ್ತರಲ್ಲಿ ಒಂದು ಯಾವುದೆಂದು ನಿಮಗೆ ಗೊತ್ತು. ಸ್ಕ್ರಿಪ್ಟ್ ನಿಲ್ಲಿಸಿಬಿಡುತ್ತೇನೆ ಎಂದು ನಾಟಕೀಯವಾಗಿ ಹೇಳಿದ್ದಕ್ಕೆ ವತ್ಸಲಾ, “ನಿಲ್ಲಿಸ್ಬೇಡಿ ಸಾರ್, ಪುಟ ಕಟ್ಟೋ ಕೆಲಸ ನಂಗೂ ಸಾಕಾಗಿತ್ತು. ಓದಿದವರು ಸಹಿ ಹಾಕೋ ತನಕ ಮುಂದಕ್ಕೆ ಹೋಗದ ಹಾಗೆ ಮಾಡಿ” ಅಂದರು. ಎರಡು ಕಡೆಯವರ ಸಹಿ ಇಲ್ಲದೆ ಅಚ್ಚಿಗೆ ಹೋಗಬಾರದು ಎಂಬುದನ್ನು ಯಂತ್ರಕ್ಕೆ ಕಲಿಸಲು ನನಗೆ ಇನ್ನೂ ಹತ್ತು ದಿನ ಹಿಡಿಯಿತು.

“ಓದಿ ಸಹಿ ಹಾಕೋದು ನೀವೇ ತಾನೇ?” ಎಂದು ಕೇಳಿದೆ.

“ಇಲ್ಲ ಸಾರ್. ನಂಗೀಗ ಶನಿವಾರ ರಜಾ. ನೀವೇ ಕೊಟ್ಟಿದ್ದಲ್ವಾ?”

ಹಾಗಾಗಿ ಶನಿವಾರ ಎರಡು ಗಂಟೆಯ ಮೇಲೆ ಈಗ ನಾನೇ ಕುಳಿತುಕೊಳ್ಳುತ್ತೇನೆ. ಮೊನ್ನೆ ಮೊದಲ ಶನಿವಾರ. ಒಂದು ಪುಟ ಪ್ರಿಂಟ್ ತೆಗೆದು, ಬರೆದಂತೆಯೇ ಮಾಡಿ ನೋಡಲು ಶುರುಮಾಡಿದೆ. ‘ಮೇಲಿರುವ ಗುಂಡಿಯನ್ನು ಒತ್ತಿ’ ಎಂದಿತ್ತು. ಮೇಲೆ ಹದಿನಾಲ್ಕು ಗುಂಡಿಗಳಿದ್ದವು. ಒಂದೊಂದನ್ನೇ ಒತ್ತುತ್ತ ಹೋದೆ. ಆರನೆಯದಕ್ಕೆ ಪರದೆ ಪೂರ್ತಿ ಮಾಯವಾಯಿತು. ಮುಕ್ಕಾಲು ಗಂಟೆ ಒದ್ದಾಡಿ, ನಾಚಿಕೆ ಬಿಟ್ಟು ಮೂಡಲಪಾಳ್ಯಕ್ಕೆ ಫೋನ್ ಮಾಡಿದೆ.

“ವತ್ಸಲಾ, ಮೇಲಿರುವ ಗುಂಡಿ ಅಂದ್ರೆ ಯಾವ ಗುಂಡಿ?”

“ಯಾವ ಪುಟ ಸಾರ್?”

ಹೇಳಿದೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು. ಮುನಿತಾಯಮ್ಮ ಯಾರದು ಎಂದು ಕೇಳಿದ್ದು ಕೇಳಿಸಿತು.

“ಅದು ಹೊಸ ಪುಟ. ನಾನು ನೋಡಿಲ್ಲ ಸಾರ್” ಅಂದರು ವತ್ಸಲಾ. “ಬರೆದೋರನ್ನೇ ಕೇಳಿ.”

ಬರೆದವರು ಯಾರೆಂದು ದಾಖಲೆಯಲ್ಲಿ ನೋಡುವ ಅಗತ್ಯ ಇರಲಿಲ್ಲ.